ಟೆನ್-ಫೋರ್ ಎಂದರೆ ಹೂಂ

ಕಾಫಿ ಬೇಕೇನೋ ಎಂದು ಮೊನ್ನೆ ಕೇಳಿದರೆ, ಅಮೆರಿಕದ ಪೊಲೀಸ್ ಧಾರಾವಾಹಿಗಳನ್ನು ನೋಡಿ ನೋಡಿ ಕೆಟ್ಟಿರುವ ನನ್ನ ತಂಗಿಯ ಮಗ ‘ಟೆನ್-ಫೋರ್, ಮಾವ’ ಎಂದ. ತುಟಿ ಬಿಚ್ಚದೆಯೇ ‘ಹೂಂ’ ಎನ್ನಬಹುದಾದ ಕಡೆ ಎರಡು ಅಂಕಿಗಳನ್ನು ಮೆರವಣಿಗೆ ಹೊರಡಿಸುವ ಈ ವಿದ್ಯೆಯನ್ನು, ಅಂದರೆ ‘ಟೆನ್’ ಎಂದೇ ಶುರುವಾಗುವ ಪೊಲೀಸ್ ವೈರ್‌ಲೆಸ್ ಸಂಕೇತಗಳನ್ನು, 1937ರಲ್ಲಿ ಇಲಿನಾಯ್ ರಾಜ್ಯ ಪೊಲೀಸಿನ ಚಾರ್ಲ್ಸ್ ಹಾಪರ್ ಆರಂಭಿಸಿದರು. ಅಂದಿನ ವೈರ್‌ಲೆಸ್ಸಿನ ಗುಂಡಿ ಒತ್ತಿದ ಮೇಲೆ ಒಳಗಿನ ಮೋಟಾರು ವೇಗ ಹಿಡಿಯಲು ಕ್ಷಣಕಾಲ ಬೇಕಿತ್ತು. ಅಷ್ಟರಲ್ಲಿ ಮೊದಲ ಅಕ್ಷರ ನುಂಗಿಹೋಗುತ್ತಿತ್ತು. ನುಂಗುವುದಾದರೆ ‘ಟೆನ್’ ಅನ್ನೇ ನುಂಗಲಿ ಎಂದು ಯಂತ್ರಕ್ಕೆ ಇಟ್ಟ ನೈವೇದ್ಯ ಅದು. ಆ ಯಂತ್ರ ಗುಜರಿ ಸೇರಿ ಎಷ್ಟೋ ಕಾಲವಾಯಿತು, ನೈವೇದ್ಯ ಮಾತ್ರ ತಪ್ಪಿಲ್ಲ.

ನೈವೇದ್ಯವಾದರೂ ಎಲ್ಲೆಡೆ ಒಂದೇ ಆಗಿದೆಯೇ? ಮೂಲ ಪಟ್ಟಿಯಲ್ಲಿ ‘ಟೆನ್-ಥರ್ಟೀನ್’ ಎಂದರೆ ಹವಾಮಾನ ಮತ್ತು ರಸ್ತೆಯ ಸ್ಥಿತಿ ತಿಳಿಸಿ ಎಂದರ್ಥ. ನ್ಯೂಯಾರ್ಕ್ ನಗರದ ಪೊಲೀಸರಲ್ಲಿ ಅದೇ ಸಂಖ್ಯೆಗೆ ಅಧಿಕಾರಿ ಅಪಾಯದಲ್ಲಿದ್ದಾರೆ, ನೆರವಿಗೆ ಬನ್ನಿ ಎಂದರ್ಥ. ನ್ಯೂಯಾರ್ಕಿನವನೊಬ್ಬ ಹಳೆಯ ಪಟ್ಟಿಯ ಊರಿನಲ್ಲಿ ಗುಂಡೇಟಿನ ನಡುವೆ ಟೆನ್-ಥರ್ಟೀನ್ ಎಂದು ಕಿರುಚಿಕೊಂಡರೆ, ಕಂಟ್ರೋಲ್ ರೂಮಿನಲ್ಲಿ ಕುಳಿತ ಡಿಸ್ಪ್ಯಾಚರ್ ಸಾವಧಾನವಾಗಿ ‘ಮೋಡ ಕವಿದಿದೆ, ರಸ್ತೆ ಒದ್ದೆಯಾಗಿದೆ’ ಎನ್ನುವುದನ್ನು ನಾನು ಕಲ್ಪಿಸಿಕೊಂಡಿದ್ದೇನೆ. ಸಂದೇಶ ತಲುಪಿತು ಎನ್ನುವ ‘ರೋಜರ್’ ಕೂಡ ಇದೇ ಕುಲದವನು. ವೈರ್‌ಲೆಸ್ಸಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಹೆಸರಿಟ್ಟ ಹಳೆಯ ಅಕ್ಷರಮಾಲೆಯಲ್ಲಿ ‘ಆರ್’ ಅಕ್ಷರದ ಹೆಸರಾಗಿದ್ದ ಅವನ ಜಾಗಕ್ಕೆ 1956ರಲ್ಲಿ ರೋಮಿಯೋ ಬಂದ. ನಿವೃತ್ತನಾದ ರೋಜರ್ ಇನ್ನೂ ಕಚೇರಿಯಲ್ಲೇ ಕುಳಿತಿದ್ದಾನೆ.

2005ರ ಕತ್ರೀನಾ ಚಂಡಮಾರುತದಲ್ಲಿ ಹತ್ತಾರು ಇಲಾಖೆಗಳು ಒಟ್ಟಿಗೆ ನೀರಿಗಿಳಿದಾಗ ಒಬ್ಬರ ವೈರ್‌ಲೆಸ್ ಇನ್ನೊಬ್ಬರಿಗೆ ತಲುಪದ ಪಾಡು ಎಲ್ಲರಿಗೂ ತಿಳಿದಿದೆ. ಮರುವರ್ಷ ಅಮೆರಿಕದ ಒಕ್ಕೂಟ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯು ಹಲವು ಇಲಾಖೆಗಳು ಸೇರುವ ಘಟನೆಗಳಲ್ಲಿ ಸಾದಾ ಮಾತನ್ನೇ ಆಡಬೇಕು, ಇಲ್ಲದಿದ್ದರೆ ಅನುದಾನಕ್ಕೆ ಕುತ್ತು ಎಂದಿತು. ಎಂಥ ವಿವೇಕ! ಉಳಿದ ದಿನಗಳಲ್ಲಿ ಸಂಕೇತಗಳನ್ನೇ ಬಳಸಿಕೊಳ್ಳಿ ಎಂಬ ಉದಾರತೆಯೂ ಜೊತೆಗಿತ್ತು. ಮುನ್ನೂರು ಚಿಲ್ಲರೆ ದಿನ ಅಂಕಿ ಜಪಿಸಿದ ನಾಲಿಗೆಯು ಪ್ರವಾಹ ಬಂದ ಬೆಳಿಗ್ಗೆ ಸುತ್ತೋಲೆ ಓದಿಕೊಂಡು ಹೊರಳುತ್ತದೆಯಂತೆ.

ನಗುವುದು ಸಾಕಾಯಿತು. ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡುವ ಹೆಂಗಸು ‘ಬಾಗಿಲು ಒಡೆಯುತ್ತಿದ್ದಾನೆ, ಮಕ್ಕಳು ಒಳಗಿದ್ದಾರೆ’ ಎಂದು ಸಾದಾ ಮಾತಿನಲ್ಲಿಯೇ ಹೇಳುತ್ತಾಳೆ. ಅದನ್ನು ಡಿಸ್ಪ್ಯಾಚರ್ ಸಂಖ್ಯೆಯಾಗಿಸಬೇಕು, ಗಾಡಿಯಲ್ಲಿರುವವನು ಆ ಸಂಖ್ಯೆಯನ್ನು ಬಾಗಿಲಾಗಿಯೂ ಮಕ್ಕಳಾಗಿಯೂ ಬಿಡಿಸಿಕೊಳ್ಳಬೇಕು. ಅವಳು ಹೇಳಿದ್ದನ್ನು ಹೇಳಿದಂತೆಯೇ ದಾಟಿಸಲು ಇವರಿಗೆ ಏನು ಅಡ್ಡ ಬಂದಿದೆ?