ಪಾಪ, ಹೆಡ್‌ಮೇಡಂ!

ಹದಿಹರೆಯದವರ ಧಾರಾವಾಹಿ ನೋಡುವವರೆಲ್ಲ ಮಕ್ಕಳ ಕಷ್ಟಕ್ಕೆ ಮರುಗುತ್ತಾರೆ. ನನ್ನ ಕಣ್ಣೀರು ಮಾತ್ರ ಯಾವತ್ತೂ ದೊಡ್ಡವರಿಗೇ ಮೀಸಲು. ‘ಸೆಕ್ಸ್ ಎಜುಕೇಶನ್’ ಸರಣಿಯ ಮೂರನೇ ಸೀಸನ್ ನೋಡಿದಾಗಲಂತೂ ಹೋಪ್ ಹ್ಯಾಡನ್ ಎಂಬ ಆ ಹೆಡ್‌ಮೇಡಮ್ಮನವರ ಪಾಡು ಕಂಡು ಕರುಳು ಕಿತ್ತುಬಂತು.

2021ರಲ್ಲಿ ಬಂದ ಆ ಸೀಸನ್ನಿನಲ್ಲಿ ಮೂರ್‌ಡೇಲ್ ಶಾಲೆಗೆ ಅವರು ಹೊಸ ಮುಖ್ಯಸ್ಥೆ. ಬಂದವರೇ ಎಲ್ಲರಿಗೂ ಬೂದುಬಣ್ಣದ ಸಮವಸ್ತ್ರ ತೊಡಿಸಿದರು. ಬಣ್ಣ ಹಚ್ಚಿದ ಕೂದಲು ಬೇಡ, ಚುಚ್ಚಿಸಿಕೊಂಡ ತುಟಿ ಬೇಡ ಅಂದರು. ಕಾರಿಡಾರಿನ ಉದ್ದಕ್ಕೂ ಗೆರೆ ಎಳೆಸಿ, ಹೋಗುವವರು ಇತ್ತ, ಬರುವವರು ಅತ್ತ ಎಂದು ಶಿಸ್ತು ಕಲಿಸಿದರು. ಲೈಂಗಿಕ ಶಿಕ್ಷಣದ ಪಾಠಕ್ಕೆ ಹುಡುಗರದೊಂದು ಸಾಲು, ಹುಡುಗಿಯರದೊಂದು ಸಾಲು. ರಾಮರಾಜ್ಯಕ್ಕೆ ಇನ್ನೊಂದೇ ಗೇಣು ಬಾಕಿ. ಅಷ್ಟರಲ್ಲಿ ಕ್ಯಾಲ್ ಎಂಬ ವಿದ್ಯಾರ್ಥಿ ಅಡ್ಡ ನಿಂತರು. ಕ್ಯಾಲ್ ನಾನ್-ಬೈನರಿ, ಅಂದರೆ ಗಂಡು, ಹೆಣ್ಣು ಎಂಬ ಎರಡು ಖಾನೆಗಳಲ್ಲಿ ಯಾವುದರಲ್ಲೂ ಕೂರದವರು. ಹಾಗಾದರೆ ನಾನು ನಿಲ್ಲುವ ಸಾಲು ಯಾವುದು ಎಂಬುದು ಅವರ ಪ್ರಶ್ನೆ.

ಇಂಥ ಪ್ರಶ್ನೆಯನ್ನು ಒಬ್ಬ ಆಡಳಿತಗಾರ್ತಿಯ ಮುಖದ ಮೇಲೆ ಎಸೆಯುವುದೇ? ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡಬಹುದಿತ್ತಲ್ಲ ಎಂದು ನೀವು ಸುಲಭವಾಗಿ ಹೇಳಿಬಿಡುತ್ತೀರಿ. ಆಗ ಸಾಲು ಮಾಡಿಸುವವರಿಗೆ ಏನು ಕೆಲಸ? ಮನುಷ್ಯದೇಹದ ಬಗ್ಗೆ ತಿಳಿಸಿಕೊಡುವ ಪಾಠ ಅದು. ಆ ಪಾಠಕ್ಕೆ ಕಾಲಿಡುವ ಮೊದಲೇ ನಿನ್ನ ದೇಹ ಯಾವ ಜಾತಿಯದು ಎಂದು ಬಾಗಿಲಲ್ಲೇ ಉತ್ತರ ಬರೆಯಿಸಿಕೊಳ್ಳುವುದಕ್ಕಿಂತ ಒಳ್ಳೆಯ ಪ್ರವೇಶ ಪರೀಕ್ಷೆ ಎಲ್ಲಿದೆ?

ಅದರ ಮೇಲೆ ಪ್ಯಾಂಟಿನ ರಗಳೆ. ಕ್ಯಾಲ್ ತೊಟ್ಟದ್ದು ಅದೇ ಬೂದು ಸಮವಸ್ತ್ರವೇ, ಆದರೆ ದೊಗಳೆ. ಮೈಗೆ ಅಂಟುವ ಅಳತೆ ಹಾಕಿಕೋ ಎಂದು ಮೇಡಂ ಪಟ್ಟು ಹಿಡಿದರು. ಶಾಲೆಯ ಹೆಸರು ಮಣ್ಣುಪಾಲಾಗಿದೆ, ಹಣ ಕೊಡುವವರು ಕಣ್ಣು ಕೆಂಪಗೆ ಮಾಡಿದ್ದಾರೆ, ಮುಖ್ಯಸ್ಥೆ ಮಾತ್ರ ಒಂದು ಪ್ಯಾಂಟಿನ ಸುತ್ತಳತೆಯ ಹಿಂದೆ ಬಿದ್ದಿದ್ದಾರೆ. ಕರ್ತವ್ಯನಿಷ್ಠೆ ಅಂದರೆ ಇದು. ಸೀಸನ್ ಮುಗಿಯುವ ಹೊತ್ತಿಗೆ ಶಾಲೆ ಮುಚ್ಚುವ ಗತಿಗೆ ಬಂತು. ಗೆರೆಗಳು ಮಾತ್ರ ನೆಟ್ಟಗೆ ಉಳಿದವು ಎಂದು ನನ್ನ ನಂಬಿಕೆ.

2023ರ ನಾಲ್ಕನೇ ಸೀಸನ್ನಿನಲ್ಲಿ ಮಕ್ಕಳು ಕ್ಯಾವೆಂಡಿಶ್ ಎಂಬ ಮುಂದುವರಿದ ಕಾಲೇಜು ಸೇರುತ್ತಾರೆ. ಅಲ್ಲಿ ಧ್ಯಾನ ಉಂಟು, ಯೋಗ ಉಂಟು, ಚಾಡಿ ಹೇಳಬಾರದು ಎಂಬ ನಿಯಮ ಉಂಟು, ಜಾರಿಬೀಳಲು ಜಾರುಬಂಡೆಯೂ ಉಂಟು. ಇಲ್ಲದ್ದು ಒಂದೇ, ನೆಟ್ಟಗೆ ಓಡುವ ಲಿಫ್ಟು. ಗಾಲಿಕುರ್ಚಿಯ ಹುಡುಗ ಐಸಾಕ್ ಕೆಳಗೇ ಉಳಿಯುತ್ತಾನೆ, ಎಲ್ಲರನ್ನೂ ಒಳಗೊಳ್ಳುವ ಮಹಾಕಾರ್ಯ ಮೇಲಿನ ಮಹಡಿಯಲ್ಲಿ ನಡೆದಿರುತ್ತದೆ. ಮೂರ್‌ಡೇಲಿನ ಹೆಡ್‌ಮೇಡಂ ಕೊನೇ ಪಕ್ಷ ನೇರವಾಗಿ ‘ಇಲ್ಲ’ ಅನ್ನುತ್ತಿದ್ದರು. ಇಲ್ಲಿಯವರು ಎದೆಯ ಮೇಲೆ ಕೈಯಿಟ್ಟು, ತಲೆ ವಾಲಿಸಿ, ನಿನ್ನ ನೋವು ನಮಗೆ ಕೇಳಿಸುತ್ತಿದೆ ಎನ್ನುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ಸುಸ್ತು ಮಾಡುತ್ತದೆ ಅಂತ ನನಗಿನ್ನೂ ತೀರ್ಮಾನವಾಗಿಲ್ಲ.

ಇನ್ನು ಸರಣಿ ಬರೆಯುವವರ ಕಷ್ಟ. ನಾನ್-ಬೈನರಿ ವಿದ್ಯಾರ್ಥಿಯೊಬ್ಬರು ಸ್ವತಂತ್ರರಾಗುವ ಕಥೆ ಬೇಕು ಎಂದು ಮೇಲಿನಿಂದ ಅಪ್ಪಣೆ ಬಂದಿರುತ್ತದೆ. ಸ್ವತಂತ್ರ ಅಂದರೆ ಹದಿನಾರರ ಪ್ರಾಯದಲ್ಲಿ ಏನು? ಕೋಣೆಗೊಂದು ಚಿಲಕ, ಜೇಬಿನಲ್ಲಿ ತನ್ನದೇ ನಾಲ್ಕು ಕಾಸು, ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಗೆ ‘ಎಲ್ಲೂ ಇಲ್ಲ’ ಎನ್ನುವ ಹಕ್ಕು. ಆದರೆ ಇದರಿಂದ ಎಂಟು ಕಂತು ತುಂಬುವುದಿಲ್ಲ. ಆದ್ದರಿಂದ ಆ ಪಾತ್ರದ ಕೈಗೆ ಒಂದು ಸ್ಕೇಟ್‌ಬೋರ್ಡು, ಬಾಯಿಗೆ ಇಡೀ ಮನುಕುಲಕ್ಕೆ ಬೇಕಾಗುವಷ್ಟು ತಿಳಿವಳಿಕೆ. ಉಳಿದ ಮಕ್ಕಳು ಪ್ರೀತಿಯಲ್ಲಿ ಎಡವುತ್ತಾರೆ, ಸುಳ್ಳು ಹೇಳುತ್ತಾರೆ, ಗಣಿತದಲ್ಲಿ ಲಗಾಟಿ ಹೊಡೆಯುತ್ತಾರೆ. ಇವರು ಮಾತ್ರ ಪ್ರತಿ ಕಂತಿನಲ್ಲೂ ಯಾರಿಗಾದರೂ ಏನನ್ನಾದರೂ ವಿವರಿಸುತ್ತಲೇ ಇರಬೇಕು. ಸಂಬಳವಿಲ್ಲದ ಮೇಷ್ಟ್ರ ಕೆಲಸ ಅದು. ಅದಕ್ಕೇ ಆಸ್ಟ್ರೇಲಿಯಾದ ‘ಹಾರ್ಟ್‌ಬ್ರೇಕ್ ಹೈ’ ಸರಣಿಯ 2022ರ ಅವತಾರದಲ್ಲಿ ಡ್ಯಾರೆನ್ ಎಂಬ ನಾನ್-ಬೈನರಿ ವಿದ್ಯಾರ್ಥಿಯನ್ನು ಕಂಡಾಗ ಜೀವಕ್ಕೆ ತಂಪಾಯಿತು. ಬಾಯಿ ಜೋರು, ರೇಗಾಟ, ಪ್ರೀತಿಯಲ್ಲಿ ಪೆದ್ದುತನ, ಅಂತೂ ಒಬ್ಬ ಪೂರ್ತಿ ಮನುಷ್ಯರು. ಬರೆದವರು ಅಪ್ಪಣೆಪತ್ರವನ್ನು ಸರಿಯಾಗಿ ಓದಿಕೊಂಡಿಲ್ಲ ಎಂದು ಕಾಣುತ್ತದೆ.

ಕೆನಡಾದ ‘ಡಿಗ್ರಾಸಿ’ಯವರು ಇನ್ನೂ ಜಾಣರು. ದಶಕಗಳಿಂದ ಬೇರೆ ಬೇರೆ ಹೆಸರಿನಲ್ಲಿ ನಡೆದುಬಂದ ಆ ಶಾಲೆಯಲ್ಲಿ 2017ರಲ್ಲಿ ಯೇಲ್ ಎಂಬ ವಿದ್ಯಾರ್ಥಿ ತಾನು ಎರಡೂ ಖಾನೆಗೆ ಸೇರಿದವರಲ್ಲ ಎಂದು ಕಂಡುಕೊಂಡರು. ಕಂಡುಕೊಂಡ ಆ ಸೀಸನ್ನೇ ‘ನೆಕ್ಸ್ಟ್ ಕ್ಲಾಸ್’ ಎಂಬ ಆ ಸರಣಿಯ ಕೊನೆಯ ಸೀಸನ್. ಮುಂದಿನ ತರಗತಿ ನಡೆಯಲೇ ಇಲ್ಲ.

ಟಿವಿಯವರು ಎಷ್ಟು ತಿಣುಕಿದರೂ ಸರ್ಕಾರಗಳ ಕಲ್ಪನಾಶಕ್ತಿಯ ಮುಂದೆ ಕೈಮುಗಿದು ನಿಲ್ಲಬೇಕು. ಅಮೆರಿಕದ ಫ್ಲೋರಿಡಾ ರಾಜ್ಯದ ಶಿಕ್ಷಣ ಮಂಡಳಿ 2023ರಲ್ಲಿ ಒಂದು ನಿಯಮ ತಂದಿತು. ದಾಖಲೆಯಲ್ಲಿರುವ ಹೆಸರು ಬಿಟ್ಟು ಬೇರೆ ಹೆಸರಿನಿಂದ ವಿದ್ಯಾರ್ಥಿಯನ್ನು ಕರೆಯಬೇಕಾದರೆ ಹೆತ್ತವರು ಅರ್ಜಿ ತುಂಬಿ ಒಪ್ಪಿಗೆ ಕೊಡಬೇಕು. ಗುರಿ ಇಟ್ಟದ್ದು ಲಿಂಗ ಬದಲಿಸುವ, ಲಿಂಗ ಮೀರುವ ಮಕ್ಕಳ ಮೇಲೆ. ಗುಂಡು ತಾಗಿದ್ದು ರಾಬರ್ಟನಿಗೆ. ಹುಟ್ಟಿದಾಗಿನಿಂದ ಊರೆಲ್ಲ ರಾಬ್ ಎಂದು ಕರೆದ ಹುಡುಗ. ಅವನನ್ನು ಮೇಷ್ಟ್ರು ರಾಬ್ ಎನ್ನಬೇಕಾದರೂ ಅಪ್ಪ-ಅಮ್ಮನ ಸಹಿಯುಳ್ಳ ಅರ್ಜಿ ಬೇಕು. ಒಂದು ಸಂಜೆ ಇಡೀ ರಾಜ್ಯದ ಅಡುಗೆಮನೆಗಳಲ್ಲಿ ತಾಯಂದಿರು ಕನ್ನಡಕ ಹಾಕಿಕೊಂಡು, ನನ್ನ ಮಗ ಥಾಮಸನನ್ನು ಟಾಮ್ ಎನ್ನುವುದಕ್ಕೆ ನನ್ನ ಆಕ್ಷೇಪವಿಲ್ಲ ಎಂದು ಗಂಭೀರವಾಗಿ ಸಹಿ ಹಾಕುವ ದೃಶ್ಯ ಕಲ್ಪಿಸಿಕೊಳ್ಳಿ. ಮಗು ತನ್ನ ಕಾಲ ಮೇಲೆ ತಾನು ನಿಲ್ಲಲಿ ಎಂದು ಪಾಠಪುಸ್ತಕ ಹೇಳುತ್ತದೆ, ನಿಂತ ಮೇಲೆ ಯಾವ ಹೆಸರಿಗೆ ಓಗೊಡಬೇಕೆಂದು ಅರ್ಜಿ ಹೇಳುತ್ತದೆ.

ಹೇಗೋ ಇವೆಲ್ಲ ದಾಟಿ ಟಿವಿಯ ಅಂಥದೊಂದು ನಾನ್-ಬೈನರಿ ಪಾತ್ರ ಜನಪ್ರಿಯವಾಯಿತು, ನಟಿಸಿದವರೂ ನಾನ್-ಬೈನರಿಯೇ ಎಂದುಕೊಳ್ಳೋಣ. ಪ್ರಶಸ್ತಿಯ ಹೊತ್ತಿಗೆ ಮತ್ತೆ ಹೋಪ್ ಮೇಡಮ್ಮನ ಎರಡು ಸಾಲು ಹಾಜರ್: ಶ್ರೇಷ್ಠ ನಟ, ಶ್ರೇಷ್ಠ ನಟಿ. ‘ಯೆಲ್ಲೋಜಾಕೆಟ್ಸ್’ ಸರಣಿಯ ಲಿವ್ ಹ್ಯೂಸನ್ 2023ರಲ್ಲಿ ತನಗಲ್ಲಿ ಜಾಗವಿಲ್ಲವೆಂದು ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯ ಸ್ಪರ್ಧೆಗೇ ಹೆಸರು ಕೊಡಲಿಲ್ಲ. ಎಮ್ಮಿಯವರು ಇದಕ್ಕೆ 2021ರಲ್ಲೇ ಪರಿಹಾರ ಕಂಡುಹಿಡಿದಿದ್ದರು. ವಿಭಾಗಗಳು ಇದ್ದ ಹಾಗೇ ಎರಡು. ಆದರೆ ಕೇಳಿಕೊಂಡರೆ ಪ್ರಮಾಣಪತ್ರದಲ್ಲೂ ಪ್ರತಿಮೆಯಲ್ಲೂ ‘ಕಲಾವಿದ’ ಎಂಬರ್ಥದ ಪದ ಕೆತ್ತಿಸಿಕೊಡುತ್ತಾರೆ. ಇರುವ ಬಾಗಿಲು ಎರಡೇ, ಯಾವುದಾದರೊಂದರಿಂದ ತೂರಿ ಬನ್ನಿ, ಒಳಗೆ ಬಂದಮೇಲೆ ಫಲಕ ಬದಲಿಸಿಕೊಡುತ್ತೇವೆ ಎಂಬ ಔದಾರ್ಯ.

ಸಾಲುಗಳನ್ನು ಒಂದುಮಾಡಿದವರೂ ಉಂಟು. ಕೆನಡಾದ ಸ್ಕ್ರೀನ್ ಪ್ರಶಸ್ತಿಗಳು 2023ರಿಂದ ನಟ-ನಟಿ ಭೇದ ಕೈಬಿಟ್ಟವು, ಆಕಾಶವೇನೂ ಕಳಚಿ ಬೀಳಲಿಲ್ಲ. ಬ್ರಿಟನ್ನಿನ ಸಂಗೀತ ಪ್ರಶಸ್ತಿ ಬ್ರಿಟ್ಸ್ ಕೂಡ 2022ರಲ್ಲಿ ಗಾಯಕ, ಗಾಯಕಿ ವಿಭಾಗ ಅಳಿಸಿತು. ಮರುವರ್ಷ ‘ವರ್ಷದ ಕಲಾವಿದ’ ಪಟ್ಟಿ ಬಂದಾಗ ಐದಕ್ಕೆ ಐದೂ ಗಂಡಸರು. ಗೆರೆ ಅಳಿಸಿದ ಕೂಡಲೇ ಜಾಗ ಹಿಡಿಯುವುದು ಹೇಗೆಂದು ಕೆಲವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದಿರಲಿ, ಆ ಎಮ್ಮಿ ಪ್ರತಿಮೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಪರಮಾಣುವನ್ನು ಎತ್ತಿಹಿಡಿದ, ರೆಕ್ಕೆಯುಳ್ಳ ಹೆಣ್ಣು. ಮೊದಲ ಸಮಾರಂಭ ನಡೆದದ್ದು 1949ರಲ್ಲಿ. ಆ ಕಾಲದ ಟಿವಿ ಕ್ಯಾಮೆರಾದೊಳಗಿನ ಕೊಳವೆಯೊಂದಕ್ಕೆ ತಂತ್ರಜ್ಞರು ಮುದ್ದಿನಿಂದ ‘ಇಮ್ಮಿ’ ಎನ್ನುತ್ತಿದ್ದರು. ಪ್ರತಿಮೆ ಹೆಂಗಸಿನದಾದ್ದರಿಂದ ಅದನ್ನೇ ಹೆಣ್ಣುಹೆಸರು ಮಾಡಿ ‘ಎಮ್ಮಿ’ ಅಂದರು. ಸಂಸ್ಕೃತಿ ಹಾಳಾಯಿತೆಂದು ಎದೆ ಬಡಿದುಕೊಂಡವರಿಲ್ಲ. ಕೊಳವೆಯ ಹೆತ್ತವರು ಅರ್ಜಿಗೆ ಸಹಿ ಹಾಕಿದ್ದಾರೆಯೇ ಎಂದು ಫ್ಲೋರಿಡಾದವರೂ ವಿಚಾರಿಸಲಿಲ್ಲ.