ಊರಿನ ಹೆಸರು ಎಲ್ಲರದ್ದು
ಮನೆಯಲ್ಲೇ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವವರು ಊರಿನ ಹೆಸರನ್ನೇ ಬ್ರ್ಯಾಂಡ್ ಮಾಡಿಕೊಳ್ಳಿ, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಮಾಡಿಸಿದರೆ ಸಾಕು ಅಂತ ನಾನು ಓದಿದ ಒಂದು ಲೇಖನದಲ್ಲಿದೆ. ನಾನಂತೂ ಒಪ್ಪುವುದಿಲ್ಲ.

ನಮ್ಮ ಬಾಗಲಕೋಟೆ ಕಡೆಯೇ ನೋಡಿ. ಅಮೀನಗಡ ಕರದಂಟು ಅಂತ ಬೋರ್ಡ್ ಹಾಕಿದ ಅಂಗಡಿಗಳು ಎಷ್ಟಿಲ್ಲ! ಬರೀ ಊರು ಮತ್ತು ತಿನಿಸು ಹೇಳುವ ಹೆಸರನ್ನು ಟ್ರೇಡ್‌ಮಾರ್ಕ್, ಅಂದರೆ ಒಬ್ಬರದೇ ಹೆಸರು, ಅಂತ ನೋಂದಾಯಿಸಲು ಹೋದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಅಡ್ಡ ಬರುತ್ತದೆ. ಪಕ್ಕದ ಮನೆಯ ವೈನಿ ತಮ್ಮ ಶೇಂಗಾ ಹಿಂಡಿಗೆ (ಶೇಂಗಾ ಚಟ್ನಿಪುಡಿಗೆ) ಮೊಮ್ಮಗಳು ಅವರನ್ನು ಕರೆಯುವ ಮುದ್ದು ಹೆಸರನ್ನೇ ಇಟ್ಟರು. ಅದು ಬೇರೆ ಯಾರಿಗೂ ಹೊಳೆಯುವ ಹೆಸರಲ್ಲ. ಹಾಗಿದ್ದರೂ ಲೇಬಲ್ ಅಚ್ಚು ಹಾಕಿಸುವ ಮೊದಲು ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ಚಟ್ನಿ, ಮಸಾಲೆಯಂಥ ಸರಕುಗಳ 30ನೇ ವರ್ಗದಲ್ಲಿ ಹುಡುಕಿ ನೋಡಿದರು. ಹುಡುಕುವುದಕ್ಕೆ ದುಡ್ಡು ಬೇಕಿಲ್ಲ.

ಉದ್ಯಮ್ ನೋಂದಣಿಯೂ ಪುಕ್ಕಟೆ, ಅದಕ್ಕೆ ಸುಮ್ನೆ ಏಜೆಂಟರಿಗೆ ದುಡ್ಡು ಕೊಡಬೇಡಿ. ಸಾಲ, ಸರ್ಕಾರಿ ಯೋಜನೆಗೆ ಅದು ಬೇಕು ನಿಜ. ಆದರೆ ಹೆಸರನ್ನು ಅದು ಕಾಯುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಜಾಸ್ತಿ ಎಡವುವುದೇ ಇಲ್ಲಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ತಿನ್ನುವ ಸರಕು ಅಂದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬಿಡುವಂತಿಲ್ಲ. ವೈನಿಯ ಪಾಕೀಟಿನ ಹಿಂದೆ 14 ಅಂಕಿಯ ಆ ನಂಬರ್, ಹಸಿರು ಚುಕ್ಕಿ, ತೂಕ, ಬೆಲೆ, ಪ್ಯಾಕ್ ಮಾಡಿದ ದಿನ, ಮನೆ ವಿಳಾಸ ಎಲ್ಲಾ ಇದೆ. ಅಷ್ಟಿದ್ದರೆ ಅಂಗಡಿಯವರೂ ಧೈರ್ಯವಾಗಿ ಇಟ್ಟುಕೊಳ್ಳುತ್ತಾರೆ.

ಟ್ರೇಡ್‌ಮಾರ್ಕ್‌ಗೆ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ಸಿಕ್ಕರೆ 10 ವರ್ಷ, ಆಮೇಲೆ ನವೀಕರಿಸಬಹುದು. ನೋಂದಣಿ ಸಿಗುವವರೆಗೆ ಹೆಸರಿನ ಪಕ್ಕ ಟಿಎಂ ಅಂತ ಹಾಕಿಕೊಳ್ಳಿ, ವೃತ್ತದೊಳಗಿನ ಆರ್ ಮಾತ್ರ ಹಾಕಬೇಡಿ, ಅದು ನೋಂದಣಿಯಾದ ಹೆಸರಿಗಷ್ಟೇ.