ರೋಮನ್ ಪಾತ್ರೆಯನ್ನು ಬೋರಲು ಹಾಕಿ ನೋಡಿ

ರೋಮನ್ನರ ಬೆಳ್ಳಿ ಬಟ್ಟಲಿನ ಫೋಟೊ ಯಾರು ಹಾಕಿದರೂ ಹೊರಮೈಯ ಕೆತ್ತನೆಯದ್ದೇ ಹಾಕುತ್ತಾರೆ. ದೇವತೆಗಳು, ದ್ರಾಕ್ಷಿ ಬಳ್ಳಿ, ಹಕ್ಕಿಗಳು. ಇದು ನನಗೆ ಒಪ್ಪಿಗೆಯಿಲ್ಲ. ಅವು ಕುಡಿದು, ತೊಳೆದು, ಒರೆಸಿ ಎತ್ತಿಡುತ್ತಿದ್ದ ಪಾತ್ರೆಗಳು. ಬಳಕೆ ಅರ್ಥವಾಗಬೇಕಾದರೆ ಒಳಮೈ ನೋಡಬೇಕು, ಅಡಿ ನೋಡಬೇಕು, ಬೆಸುಗೆ ನೋಡಬೇಕು.

ಉಬ್ಬು ಚಿತ್ರದ ಬೆಳ್ಳಿ ಬಟ್ಟಲು ಹೆಚ್ಚಾಗಿ ಒಂದಲ್ಲ, ಎರಡು. ಹೊರಗಿನದು ತೆಳು ತಗಡು. ಒಳಗಿನಿಂದ ಬಡಿದು ಚಿತ್ರ ಉಬ್ಬಿಸಿ, ಆಮೇಲೆ ಹೊರಗಿನಿಂದ ಸಣ್ಣ ಚಾಣಗಳಲ್ಲಿ ಕಣ್ಣು, ಕೂದಲು, ಬಟ್ಟೆಯ ನೆರಿಗೆ ತಿದ್ದಿದ್ದು. ಬಡಿದಷ್ಟೂ ಬೆಳ್ಳಿ ಗಡುಸಾಗುತ್ತದೆ. ನಡುನಡುವೆ ಮಂದ ಕೆಂಪಿಗೆ ಕಾಯಿಸಿ ಮೆತ್ತಗೆ ಮಾಡದಿದ್ದರೆ ಬಾಯಂಚಿನಲ್ಲೋ ಉಬ್ಬಿನ ನೆತ್ತಿಯಲ್ಲೋ ಸೀಳು ಬಿಡುತ್ತದೆ. ಹೊರಗೆ ಉಬ್ಬಿದಷ್ಟು ಒಳಗೆ ಗುಳಿ ಬೀಳುತ್ತದಲ್ಲ, ಅಲ್ಲಿ ವೈನಿನ ಗಸಿ ಕೂತರೆ ತೊಳೆಯಲು ಬೆರಳೂ ಹೋಗದು. ಅದಕ್ಕೇ ನುಣುಪಾದ ಇನ್ನೊಂದು ಬಟ್ಟಲನ್ನು ಒಳಗೆ ಕೂರಿಸಿ, ಅದರ ಅಂಚನ್ನು ಹೊರಬಟ್ಟಲಿನ ಬಾಯಿಯ ಮೇಲೆ ಮಡಚುತ್ತಿದ್ದರು. ಕುಡಿಯುವವನ ತುಟಿಗೆ ತಾಗುತ್ತಿದ್ದದ್ದು ಈ ಸಾದಾ ಬೆಳ್ಳಿ.

ಬೋರಲು ಹಾಕಿದರೆ ಅಡಿಯಲ್ಲಿ ಎಷ್ಟೋ ಸಲ ಚುಕ್ಕಿ ಚುಕ್ಕಿ ಕುಟ್ಟಿ ಬರೆದ ತೂಕ ಕಾಣುತ್ತದೆ. ಲೆಕ್ಕ ರೋಮನ್ ಪೌಂಡಿನದು, ಸುಮಾರು 327 ಗ್ರಾಂ. ಅದರ 12ನೇ ಒಂದು ಭಾಗ ಔನ್ಸ್, 27 ಗ್ರಾಂ ಚಿಲ್ಲರೆ. ಒಂದೇ ತರದ ಎರಡು ಬಟ್ಟಲು ಜೋಡಿಯಾಗಿ ಬರುತ್ತಿದ್ದರಿಂದ ಕೆಲವು ಕಡೆ ಎರಡರ ತೂಕ ಒಟ್ಟಿಗೇ ಬರೆದಿರುತ್ತದೆ. ಚಿತ್ರ ಎಷ್ಟೇ ಚಂದವಿರಲಿ, ಮನೆಯ ಲೆಕ್ಕದಲ್ಲಿ ಅದು ಇಷ್ಟು ತೂಕದ ಬೆಳ್ಳಿ. 1930ರಲ್ಲಿ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಇಟಲಿಯ ರೋಮನ್ ಊರು ಪಾಂಪೆಯ ‘ಮೆನಾಂಡರ್ ಮನೆ’ಯಲ್ಲಿ ಪೆಟ್ಟಿಗೆಯೊಳಗೆ ಸಿಕ್ಕ 118 ಬೆಳ್ಳಿ ಸಾಮಾನುಗಳನ್ನು ಈ ಕಣ್ಣಿನಿಂದ ನೋಡಿದರೆ ಅದು ಒಂದು ಮನೆಯ ಆಸ್ತಿಯ ಗಂಟು.

ಆದರೆ ದಿನಬಳಕೆಯ ಕತೆ ಇರುವುದು ಕಂಚಿನಲ್ಲಿ. ಉದ್ದ ಹಿಡಿಯ ಬೋಗುಣಿ ತೆಗೆದುಕೊಳ್ಳಿ. ಎರಕ ಹೊಯ್ದು, ತಿರುಗಣೆಗೆ ಕಟ್ಟಿ ಕಡೆದದ್ದು. ಅಡಿಯಲ್ಲಿ ಒಂದರೊಳಗೊಂದು ಬಳೆಗಳು, ನಟ್ಟನಡುವೆ ತಿರುಗಣೆಯ ಗುರುತು. ಆ ಬಳೆಗಳಿಂದ ಅಡಿ ಸೊಟ್ಟಗಾಗುವುದಿಲ್ಲ. ಹಿಡಿಯ ತುದಿಯಲ್ಲಿ ಮೊಳೆಗೆ ನೇತುಹಾಕಲು ತೂತು, ಮೇಲೆ ಮಾಡಿದವನ ಮುದ್ರೆ. ಸಿಪಿಯಸ್ ಪೊಲಿಬಿಯಸ್ ಎಂಬುವನ ಮುದ್ರೆಯ ಬೋಗುಣಿ ಪಾಂಪೆಯಲ್ಲೂ ಸಿಕ್ಕಿದೆ, ಸ್ಕಾಟ್ಲೆಂಡಿನಲ್ಲೂ ಸಿಕ್ಕಿದೆ. ಒಳಗೆ ಕಲಾಯಿ. ತವರದ ಕಲಾಯಿಯಿಂದ ರುಚಿ ಕೆಡುವುದಿಲ್ಲ, ಕಿಲುಬಿನ ವಿಷ ತಡೆಯುತ್ತದೆ ಎಂದು ಮೊದಲನೇ ಶತಮಾನದಲ್ಲೇ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಉಜ್ಜಿ ಉಜ್ಜಿ ಕಲಾಯಿ ಹೋದ ಪಾತ್ರೆಗೆ ಮತ್ತೆ ಕಲಾಯಿ ಬೇಕು, ಆಗಲೂ ಈಗಲೂ.

ಹೂಜಿಯಲ್ಲಿ ಅಲಂಕಾರವೆಲ್ಲ ಹಿಡಿಯ ಮೇಲೆ: ಹೆಬ್ಬೆರಳು ಊರುವಲ್ಲಿ ಎಲೆ ಅಥವಾ ಪ್ರಾಣಿಯ ತಲೆ, ಹಿಡಿಯ ಬುಡ ಹೊಟ್ಟೆಗೆ ಅಂಟುವಲ್ಲಿ ಒಂದು ಮುಖ. ಆ ಮುಖ ಬರೀ ಚಂದಕ್ಕಲ್ಲ. ಬುಡ ಅಗಲವಾದಷ್ಟೂ ಬೆಸುಗೆಗೆ ಜಾಗ ಸಿಗುತ್ತದೆ. ಬೆಸುಗೆ ಸೀಸ-ತವರದ್ದಾದರೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗಿ ಹಿಡಿ ಕಳಚುತ್ತದೆ. ಮಣ್ಣಿನಲ್ಲಿ ಹೂತರೆ ಬಡಿದು ಮಾಡಿದ ತೆಳು ಹೊಟ್ಟೆ ಪುಡಿಯಾಗುತ್ತದೆ, ಎರಕದ ದಪ್ಪ ಹಿಡಿ ಉಳಿಯುತ್ತದೆ. ಮ್ಯೂಸಿಯಮ್ಮುಗಳಲ್ಲಿ ಒಂಟಿ ಹಿಡಿಗಳೇ ತುಂಬಿರುವುದು ಇದರಿಂದ.

ನಮ್ಮ ಗಡಿಯಾಚೆಯ ಕೊಲ್ಹಾಪುರದ ಬ್ರಹ್ಮಪುರಿಯಲ್ಲಿ ಗ್ರೀಕರ ಸಮುದ್ರದೇವ ಪೊಸೈಡನ್ ವಿಗ್ರಹದ ಜೊತೆ ರೋಮನ್ ಕಂಚಿನ ಹೂಜಿ ಸಿಕ್ಕಿತು. ಗುಜರಾತಿನ ಅಕೋಟಾದಲ್ಲಿ ಸಿಕ್ಕಿದ್ದು ಅವರ ಪ್ರೇಮದೇವ ಎರೋಸ್ ಇರುವ ಹಿಡಿ ಮಾತ್ರ.